ಸೆಕೆಂಡ್ ಹ್ಯಾಂಡ್ ಕಾರಿನ ಏರ್‌ಬ್ಯಾಗ್: ದೀಪ ಉರಿದರೂ ನೋಡಿ, ಉರಿಯದಿದ್ದರೂ ನೋಡಿ

ಇಗ್ನಿಷನ್ ಆನ್ ಮಾಡಿದ ಕೂಡಲೇ ಮೀಟರ್ ಫಲಕದಲ್ಲಿ ಒಂದು ಚಿತ್ರ ಬೆಳಗುತ್ತದೆ: ಕೂತ ಮನುಷ್ಯ, ಅವನ ಎದೆಯ ಮುಂದೆ ದೊಡ್ಡದೊಂದು ಚೆಂಡು. ಕೆಲವು ಕಾರುಗಳಲ್ಲಿ ಚಿತ್ರದ ಬದಲು ಎಸ್‌ಆರ್‌ಎಸ್ (ಏರ್‌ಬ್ಯಾಗ್ ವ್ಯವಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು) ಎಂದಿರುತ್ತದೆ. ಈ ದೀಪ ಸುಮಾರು 6 ಸೆಕೆಂಡು ಉರಿದು ಆರಬೇಕು. ಹಳೆಯ ಕಾರಿನ ಏರ್‌ಬ್ಯಾಗ್ ಪರೀಕ್ಷೆ ಶುರುವಾಗುವುದು ಇಲ್ಲಿಂದಲೇ. ಆದರೆ ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಅದು ತಪ್ಪು. ಯಾಕೆಂದರೆ ಈ ದೀಪಕ್ಕೆ ಗೊತ್ತಿರುವುದು ವೈರಿಂಗಿನ ಸಂಗತಿ ಮಾತ್ರ.

ಒಳಗೆ ನಡೆಯುವುದು ಇಷ್ಟು. ಪ್ರತಿ ಏರ್‌ಬ್ಯಾಗಿನ ಅನಿಲ ಉತ್ಪಾದಕದಲ್ಲಿ, ಅಂದರೆ ಇನ್‌ಫ್ಲೇಟರಿನಲ್ಲಿ, ಸ್ಕ್ವಿಬ್ ಎಂಬ ಪುಟ್ಟ ಕಿಡಿಮದ್ದು ಇರುತ್ತದೆ. ಅದರೊಳಗಿನ ಕೂದಲಿನಷ್ಟು ತೆಳುವಾದ ತಂತಿಯ ಪ್ರತಿರೋಧ ಸಾಮಾನ್ಯವಾಗಿ 2ರಿಂದ 3 ಓಮ್. ಏರ್‌ಬ್ಯಾಗುಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಅಂದರೆ ಕಂಟ್ರೋಲ್ ಮಾಡ್ಯೂಲ್, ಆ ತಂತಿಗೆ ಕಿಡಿ ಹೊತ್ತದಷ್ಟು ಅಲ್ಪ ವಿದ್ಯುತ್ ಹರಿಸಿ ಪ್ರತಿರೋಧ ಅಳೆಯುತ್ತಲೇ ಇರುತ್ತದೆ. ಲೆಕ್ಕ ಸರಿಯಿದ್ದರೆ ದೀಪ ಆರುತ್ತದೆ, ತಪ್ಪಿದರೆ ಉರಿಯುತ್ತಲೇ ಇರುತ್ತದೆ. ಇನ್‌ಫ್ಲೇಟರಿನ ಮದ್ದು ಕೆಟ್ಟಿದೆಯೇ, ಚೀಲ ಹರಿದಿದೆಯೇ, ಅಸಲಿಗೆ ಚೀಲ ಇದೆಯೇ ಎಂಬುದು ಮಾಡ್ಯೂಲಿಗೆ ತಿಳಿಯುವುದೇ ಇಲ್ಲ. ಕನೆಕ್ಟರಿಗೆ 2 ಓಮಿನ ರೆಸಿಸ್ಟರ್ ಸಿಕ್ಕಿಸಿದರೂ ಅದು ಏರ್‌ಬ್ಯಾಗ್ ಇದೆ ಎಂದೇ ನಂಬುತ್ತದೆ.

ಹಾಗಾಗಿ ಕೆಲಸ ಎರಡು ಭಾಗ: ದೀಪ ಉರಿಯುತ್ತಿದ್ದರೆ ಕಾರಣ ಹುಡುಕುವುದು, ದೀಪ ಸರಿಯಾಗಿದ್ದರೂ ಅದಕ್ಕೆ ಕಾಣದ ದೋಷಗಳನ್ನು ಕಣ್ಣಿನಿಂದ ಮತ್ತು ದಾಖಲೆಯಿಂದ ಹುಡುಕುವುದು.

ಮೊದಲು ದೀಪದ ನಡವಳಿಕೆ

ಕಾರನ್ನು ನೆರಳಿಗೆ ತನ್ನಿ. ಬಿಸಿಲಲ್ಲಿ ಮಂಕು ದೀಪ ಕಾಣುವುದಿಲ್ಲ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ 15 ಸೆಕೆಂಡು ಕಾಯಿರಿ. ಏರ್‌ಬ್ಯಾಗ್ ದೀಪವೊಂದನ್ನೇ ನೋಡುತ್ತಿರಿ.

ಉರಿದು ಆರಿದರೆ ಸರ್ಕ್ಯೂಟ್ ಸದ್ಯಕ್ಕೆ ಸರಿ ಇದೆ. ಉರಿದದ್ದು ಆರದಿದ್ದರೆ, ಅಥವಾ ಮಿನುಗುತ್ತಿದ್ದರೆ, ದೋಷ ಈಗಲೂ ಇದೆ. ಇಂಥ ಸ್ಥಿತಿಯಲ್ಲಿ ಹಲವು ಕಾರುಗಳಲ್ಲಿ ಇಡೀ ವ್ಯವಸ್ಥೆಯೇ ಬಂದ್ ಆಗಿರುತ್ತದೆ, ಕೆಲವದರಲ್ಲಿ ದೋಷವಿರುವ ಚೀಲ ಮಾತ್ರ. ಆರಿದ್ದು ಓಡಿಸುವಾಗ ಗುಂಡಿ ಹಾರಿದರೆ ಅಥವಾ ಸ್ಟಿಯರಿಂಗ್ ತಿರುಗಿಸಿದರೆ ಮತ್ತೆ ಹೊತ್ತಿಕೊಂಡರೆ ಎಲ್ಲೋ ಸಂಪರ್ಕ ಸಡಿಲ.

ಎಲ್ಲಕ್ಕಿಂತ ಕೆಟ್ಟದ್ದು ನಾಲ್ಕನೆಯದು: ದೀಪ ಉರಿಯುವುದೇ ಇಲ್ಲ. ಇದನ್ನು ನೋಡಿ "ದೋಷವಿಲ್ಲ" ಅಂದುಕೊಳ್ಳುವವರಿದ್ದಾರೆ. ವಾಸ್ತವದಲ್ಲಿ ಬಲ್ಬ್ ಕಿತ್ತಿರಬಹುದು, ಮೇಲೆ ಕಪ್ಪು ಟೇಪ್ ಅಂಟಿಸಿರಬಹುದು, ಮಾಡ್ಯೂಲಿಗೆ ವಿದ್ಯುತ್ತೇ ಬರದಿರಬಹುದು. ಇನ್ನೂ ಒಂದು ಉಪಾಯವಿದೆ: ಏರ್‌ಬ್ಯಾಗ್ ದೀಪದ ತಂತಿಯನ್ನು ಆಯಿಲ್ ಅಥವಾ ಬ್ಯಾಟರಿ ದೀಪದ ತಂತಿಗೆ ಸೇರಿಸುವುದು. ಆಗ ಎಂಜಿನ್ ಸ್ಟಾರ್ಟ್ ಆದ ಕ್ಷಣ ಎರಡೂ ಒಟ್ಟಿಗೆ ಆರುತ್ತವೆ. ಎಂಜಿನ್ ಸ್ಟಾರ್ಟ್ ಮಾಡದೆ 15 ಸೆಕೆಂಡು ಕಾಯಿರಿ ಎಂದದ್ದು ಈ ಕಾರಣಕ್ಕೆ. ಸಾಚಾ ದೀಪ ಎಂಜಿನ್ನಿಗೆ ಕಾಯುವುದಿಲ್ಲ, ತನ್ನ ಸಮಯಕ್ಕೆ ತಾನೇ ಆರುತ್ತದೆ.

ಕೈ ಹಾಕುವ ಮುಂಚೆ

ಏರ್‌ಬ್ಯಾಗ್ ಸ್ಫೋಟಕ ವಸ್ತು. ಮುಂಭಾಗದ ಚೀಲ ಸುಮಾರು 30 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ; ಕೈ ಹಿಂದಕ್ಕೆ ತೆಗೆಯಲು ಅಷ್ಟು ಸಮಯ ಸಾಲದು. ಏರ್‌ಬ್ಯಾಗ್ ವೈರಿಂಗಿನ ಕನೆಕ್ಟರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಆದ್ದರಿಂದ ಯಾವ ಹಳದಿ ಕನೆಕ್ಟರ್ ಮುಟ್ಟುವ ಮೊದಲೂ ಈ ಕ್ರಮ ತಪ್ಪಿಸಬೇಡಿ.

ಇಗ್ನಿಷನ್ ಆಫ್ ಮಾಡಿ, ಕೀಲಿ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಅದು ಟರ್ಮಿನಲ್‌ಗೆ ಮತ್ತೆ ತಾಗದಂತೆ ಬಟ್ಟೆ ಸುತ್ತಿಡಿ. ಆಮೇಲೆ ಕಾಯಿರಿ. ಅಪಘಾತದಲ್ಲಿ ಬ್ಯಾಟರಿ ಕಳಚಿದರೂ ಚೀಲ ಬಿಚ್ಚಿಕೊಳ್ಳಲಿ ಎಂದು ಮಾಡ್ಯೂಲಿನ ಒಳಗಿನ ಕೆಪಾಸಿಟರ್ ವಿದ್ಯುತ್ ಹಿಡಿದಿಟ್ಟುಕೊಂಡಿರುತ್ತದೆ, ಅದು ಖಾಲಿಯಾಗಬೇಕು. ಎಷ್ಟು ಹೊತ್ತು ಎಂಬುದು ಮಾದರಿಯಿಂದ ಮಾದರಿಗೆ ಬೇರೆ: ಕೆಲವು ಕೈಪಿಡಿಗಳು 90 ಸೆಕೆಂಡು ಎನ್ನುತ್ತವೆ, ಕೆಲವು 3 ನಿಮಿಷ, ಇನ್ನು ಕೆಲವು ಅದಕ್ಕೂ ಹೆಚ್ಚು. ನಿಮ್ಮ ಕಾರಿನ ಸರ್ವಿಸ್ ಕೈಪಿಡಿ ನೋಡಿ. ಅನುಮಾನವಿದ್ದರೆ 10 ನಿಮಿಷ ಬಿಟ್ಟರೆ ಕಳೆದುಕೊಳ್ಳುವುದೇನೂ ಇಲ್ಲ.

ಏರ್‌ಬ್ಯಾಗಿನ ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿದು ಓಮ್ ಅಳೆಯಬೇಡಿ, ಎಂದಿಗೂ. ಮೀಟರ್ ಕೂಡ ತನ್ನ ಬ್ಯಾಟರಿಯಿಂದ ವಿದ್ಯುತ್ ಹರಿಸಿಯೇ ಓಮ್ ಅಳೆಯುವುದು. ಸ್ಕ್ವಿಬ್ ಹೊತ್ತಿಕೊಳ್ಳಲು ಸಾಮಾನ್ಯವಾಗಿ 1.2 ಆಂಪಿಯರ್ 2 ಮಿಲಿಸೆಕೆಂಡು ಹರಿದರೆ ಸಾಕು. ಒಳ್ಳೆಯ ಡಿಜಿಟಲ್ ಮೀಟರ್ ಅಷ್ಟು ಕೊಡುವುದಿಲ್ಲ, ನಿಜ. ಆದರೆ ಮೀಟರಿನ ಗುಂಡಿ ತಪ್ಪು ಜಾಗದಲ್ಲಿದ್ದರೆ, ಮೀಟರ್ ಹಳೆಯದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಯಾರೂ ಹೊಣೆಯಲ್ಲ. ಟೆಸ್ಟ್ ಲ್ಯಾಂಪ್ ಅಂತೂ ಈ ವೈರಿಂಗಿನ ಹತ್ತಿರವೂ ಬರಬಾರದು.

ಬಿಚ್ಚಿದ ಏರ್‌ಬ್ಯಾಗನ್ನು ಮುಚ್ಚಳದ ಬದಿ ಮೈಯಿಂದ ಆಚೆ ಇರುವಂತೆ ಹಿಡಿದು ಒಯ್ಯಿರಿ, ಮುಚ್ಚಳ ಮೇಲೆ ಬರುವಂತೆ ಇಡಿ. ಕವುಚಿ ಇಟ್ಟದ್ದು ಸಿಡಿದರೆ ಇಡೀ ಏರ್‌ಬ್ಯಾಗೇ ಚಾವಣಿಗೆ ಹಾರುತ್ತದೆ.

ಕೋಡ್ ಓದುವುದು

ದೋಷ ಕಂಡಾಗ ಮಾಡ್ಯೂಲ್ ಅದಕ್ಕೊಂದು ಗುರುತಿನ ಕೋಡ್ ನೆನಪಿಟ್ಟುಕೊಳ್ಳುತ್ತದೆ, ಅದನ್ನು ಸ್ಕ್ಯಾನರ್ ಓದುತ್ತದೆ. ಎಂಜಿನ್ ದೀಪದ ಕೋಡ್ ಫೋನಿನಲ್ಲಿ ಓದಲು ಬಳಸುವ ಅಗ್ಗದ ಇಎಲ್‌ಎಂ327 ಅಡಾಪ್ಟರ್ ಮತ್ತು ಸಾಮಾನ್ಯ ಆ್ಯಪ್ ಬಹುತೇಕ ಎಂಜಿನ್, ಗೇರಿಗೆ ಸೇರಿದ 'ಪಿ' ಕೋಡ್‌ಗಳನ್ನಷ್ಟೇ ಓದುತ್ತವೆ. ಏರ್‌ಬ್ಯಾಗ್ ಕೋಡ್‌ಗಳು 'ಬಿ' ಅಕ್ಷರದವು, ಬೇರೆ ಮಾಡ್ಯೂಲಿನಲ್ಲಿರುತ್ತವೆ. ಆದ್ದರಿಂದ ಎಸ್‌ಆರ್‌ಎಸ್ ಮಾಡ್ಯೂಲಿಗೆ ಹೋಗಬಲ್ಲ ಸ್ಕ್ಯಾನರ್ ಬೇಕು. "ಸ್ಕ್ಯಾನ್ ಮಾಡಿದೆವು, ಯಾವ ಕೋಡೂ ಇಲ್ಲ" ಎಂದು ಮಾರುವವರು ಹೇಳಿದರೆ ಯಾವ ಮಾಡ್ಯೂಲ್ ಸ್ಕ್ಯಾನ್ ಮಾಡಿದಿರಿ ಎಂದು ಕೇಳಿ.

ಕೋಡಿನ ಅಂಕಿಗಿಂತ ಅದರ ವಿವರಣೆ ಮುಖ್ಯ. ಮೊದಲು ಯಾವ ಭಾಗ: ಚಾಲಕನ ಚೀಲ, ಪಕ್ಕದವರ ಚೀಲ, ಸೀಟಿನ ಬದಿಯ ಚೀಲ, ಬೆಲ್ಟಿನ ಪ್ರಿಟೆನ್ಷನರ್ (ಡಿಕ್ಕಿಯಾದಾಗ ಮದ್ದು ಸಿಡಿಸಿ ಬೆಲ್ಟ್ ಬಿಗಿಯುವ ಭಾಗ). ಆಮೇಲೆ ಯಾವ ಬಗೆ. "ಪ್ರತಿರೋಧ ಹೆಚ್ಚು" ಅಥವಾ "ಓಪನ್" ಎಂದರೆ ತಂತಿ ತುಂಡಾಗಿದೆ, ಕನೆಕ್ಟರ್ ಬಿಟ್ಟಿದೆ, ಇಲ್ಲವೇ ಪಿನ್ನಿಗೆ ಕಿಲುಬು ಹಿಡಿದಿದೆ. "ಪ್ರತಿರೋಧ ಕಡಿಮೆ" ಎಂದು ಬಂದರೆ ಕನೆಕ್ಟರ್ ಪೂರ್ತಿ ಕೂತಿಲ್ಲವೇ ಎಂದು ಮೊದಲು ನೋಡಿ. ಏರ್‌ಬ್ಯಾಗ್ ಕನೆಕ್ಟರಿನೊಳಗೆ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಬಿಚ್ಚಿದಾಗ ಅದು ಎರಡು ಪಿನ್ನುಗಳನ್ನು ತಾನಾಗಿ ಜೋಡಿಸಿ, ಸ್ಥಿರ ವಿದ್ಯುತ್ತಿನಿಂದ ಚೀಲ ಸಿಡಿಯದಂತೆ ಕಾಯುತ್ತದೆ. ಕನೆಕ್ಟರ್ ಅರ್ಧ ಕೂತರೆ ಆ ಪಟ್ಟಿ ಸರಿಯದೆ ಅಲ್ಲೇ ಉಳಿಯುತ್ತದೆ. ಇದಕ್ಕಾಗಿ ಒಳ್ಳೆಯ ಏರ್‌ಬ್ಯಾಗನ್ನೇ ಬದಲಿಸಿ ದುಡ್ಡು ಕಳೆದುಕೊಳ್ಳುವುದು ಬೇಡ.

ಕೋಡ್ ಬರೆದುಕೊಳ್ಳಿ, ಅಳಿಸಿ, ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿ. ತಕ್ಷಣ ಬಂದರೆ ದೋಷ ಈಗಲೂ ಇದೆ. ಬರದಿದ್ದರೆ ಯಾವಾಗಲೋ ಆಗಿ ಹೋದದ್ದು. ಅಪಘಾತದ ದಾಖಲೆ ಎಂಬ ಕೋಡ್ ಇದ್ದು, ಅಳಿಸಿದರೂ ಹೋಗುತ್ತಿಲ್ಲವಾದರೆ, ಈ ಕಾರಿನಲ್ಲಿ ಏರ್‌ಬ್ಯಾಗೋ ಪ್ರಿಟೆನ್ಷನರೋ ಒಮ್ಮೆ ಸಿಡಿದಿದೆ. ಮಾರುವವರು ಬೇರೆ ಏನೇ ಹೇಳಲಿ, ಮಾಡ್ಯೂಲಿನ ಈ ನೆನಪನ್ನು ನಂಬಿ.

ಸೀಟಿನ ಕೆಳಗೆ ಬಗ್ಗಿ ನೋಡಿ

ಕುಟುಂಬದ ಕಾರಿನಲ್ಲಿ ಈ ದೀಪ ಹೊತ್ತಲು ತೀರಾ ಸಾಮಾನ್ಯ ಕಾರಣ ಮುಂದಿನ ಸೀಟಿನ ಕೆಳಗಿನ ಕನೆಕ್ಟರ್. ಬದಿ ಚೀಲ, ಬೆಲ್ಟ್ ಬಕಲ್ ಸ್ವಿಚ್, ಕೆಲವೆಡೆ ಪ್ರಿಟೆನ್ಷನರ್ ಎಲ್ಲದರ ತಂತಿಯೂ ಅಲ್ಲಿಂದಲೇ ಹೋಗುತ್ತದೆ. ಸೀಟು ಹಿಂದೆ ಮುಂದೆ ಸರಿಯುವಾಗ ತಂತಿ ಜಗ್ಗುತ್ತದೆ. ಹಿಂದೆ ಕೂತವರ ಕಾಲು, ಉರುಳಿ ಬಂದ ನೀರಿನ ಬಾಟಲಿ, ತುರುಕಿಟ್ಟ ಕೊಡೆ ಎಲ್ಲವೂ ಅದಕ್ಕೇ ಬಡಿಯುತ್ತವೆ. ಒಳಭಾಗ ತೊಳೆಸಲು ಸೀಟು ಬಿಚ್ಚಿದಾಗ ಕನೆಕ್ಟರ್ ಹಾಕದೆ ಒಮ್ಮೆ ಇಗ್ನಿಷನ್ ಆನ್ ಮಾಡಿದರೂ ಸಾಕು, ಕೋಡ್ ಕೂತುಬಿಡುತ್ತದೆ. ಮತ್ತೆ ಜೋಡಿಸಿದ ಮೇಲೂ ಹಲವು ಕಾರುಗಳಲ್ಲಿ ಸ್ಕ್ಯಾನರಿನಿಂದ ಅಳಿಸುವ ತನಕ ದೀಪ ಆರುವುದಿಲ್ಲ.

ಬ್ಯಾಟರಿ ಬಿಚ್ಚಿ ಕಾದ ಮೇಲೆ ಟಾರ್ಚ್ ಹಿಡಿದು ನೋಡಿ. ಹಳದಿ ಕನೆಕ್ಟರಿನ ಲಾಕ್ ಎತ್ತಿ, ತಂತಿ ಎಳೆಯದೆ ಪ್ಲಾಸ್ಟಿಕ್ ಹಿಡಿದು ಬಿಚ್ಚಿ. ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಪುಡಿ ಇದ್ದರೆ ತೇವ ಹೊಕ್ಕಿದೆ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಲು ಬಿಡಿ. ಮರಳು ಕಾಗದದಿಂದ ಉಜ್ಜಬೇಡಿ, ಪಿನ್ನಿನ ಚಿನ್ನದ ಲೇಪ ಹೋಗಿ ಆರು ತಿಂಗಳಲ್ಲಿ ಮತ್ತೆ ಅದೇ ದೋಷ. ಟಕ್ ಎಂದು ಕೂರುವ ತನಕ ಒತ್ತಿ, ಲಾಕ್ ಹಾಕಿ, ಸೀಟು ಪೂರ್ತಿ ಹಿಂದೆ ಮುಂದೆ ಸರಿದಾಗಲೂ ಜಗ್ಗದಷ್ಟು ಸಡಿಲ ಬಿಟ್ಟು ಕೇಬಲ್ ಟೈಯಿಂದ ಕಟ್ಟಿ. ಕೆಲವರು ಕನೆಕ್ಟರ್ ಕತ್ತರಿಸಿ ತಂತಿಗಳನ್ನು ನೇರ ಹೊಸೆದು ಟೇಪ್ ಸುತ್ತಿ "ಇನ್ನು ತೊಂದರೆ ಬರಲ್ಲ" ಎನ್ನುತ್ತಾರೆ. ಹೊಸೆದ ಗಂಟಿನ ಪ್ರತಿರೋಧ ಕಾಲಕ್ರಮದಲ್ಲಿ ಏರುತ್ತದೆ, ಮೇಲಾಗಿ ಆ ರಕ್ಷಣಾ ಪಟ್ಟಿಯೂ ಹೋಯಿತು. ಅಂಥದ್ದು ಕಂಡರೆ ತಯಾರಕರ ರಿಪೇರಿ ಕಿಟ್ ಅಥವಾ ಹೊಸ ವೈರಿಂಗ್ ಹಾಕಿಸಿ.

ಸ್ಟಿಯರಿಂಗಿನೊಳಗಿನ ಸುರುಳಿ

ಚಾಲಕನ ಚೀಲದ ಕೋಡ್ ಬಂದರೆ ಮೊದಲ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ. ಸ್ಪೈರಲ್ ಕೇಬಲ್ ಎಂದೂ ಕರೆಯುತ್ತಾರೆ. ಸ್ಟಿಯರಿಂಗ್ ಚಕ್ರದ ಹಿಂದೆ ತಟ್ಟೆಯಂಥ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಚಪ್ಪಟೆ ರಿಬ್ಬನ್ ಕೇಬಲ್ ಗಡಿಯಾರದ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಚಕ್ರ ತಿರುಗಿದಂತೆ ಬಿಗಿಯಾಗುತ್ತ, ಸಡಿಲವಾಗುತ್ತ, ಏರ್‌ಬ್ಯಾಗ್, ಹಾರ್ನ್, ಬಟನ್‌ಗಳಿಗೆ ವಿದ್ಯುತ್ ಒಯ್ಯುವುದು ಇದೇ. ವರ್ಷಗಟ್ಟಲೆ ಮಡಚಿ ಬಿಚ್ಚಿದ ರಿಬ್ಬನ್ ಒಂದು ದಿನ ಬಿರುಕು ಬಿಡುತ್ತದೆ.

ಹಾರ್ನ್ ಕೆಲಸ ಮಾಡುತ್ತಿಲ್ಲ, ಸ್ಟಿಯರಿಂಗ್ ಮೇಲಿನ ಬಟನ್‌ಗಳೂ ಸತ್ತಿವೆ, ಏರ್‌ಬ್ಯಾಗ್ ದೀಪವೂ ಉರಿಯುತ್ತಿದೆ: ಈ ಮೂರೂ ಒಟ್ಟಿಗಿದ್ದರೆ ಹೆಚ್ಚು ಯೋಚಿಸಬೇಕಿಲ್ಲ. ಚಕ್ರ ತಿರುಗಿಸುವಾಗ ಒಣ ಎಲೆ ಸರಿದಾಡಿದಂಥ ಸರಸರ ಸದ್ದು ಬಂದರೆ ಅನುಮಾನ ಇನ್ನೂ ಗಟ್ಟಿ. ಆದರೆ ರಿಬ್ಬನ್ನಿನಲ್ಲಿ ಎಳೆಗಳು ಬೇರೆ ಬೇರೆ, ಏರ್‌ಬ್ಯಾಗಿನ ಎಳೆಯಷ್ಟೇ ತುಂಡಾಗಿ ಹಾರ್ನ್ ಚೆನ್ನಾಗಿಯೇ ಕೂಗುತ್ತಿರಬಹುದು.

ಖಚಿತಪಡಿಸಿಕೊಳ್ಳಲು ಸುಲಭ ದಾರಿ ಸ್ಕ್ಯಾನರಿನ ಲೈವ್ ಡೇಟಾ. ಚಾಲಕನ ಸ್ಕ್ವಿಬ್‌ನ ಓಮ್ ತೋರಿಸುವ ಸಾಲು ತೆರೆದು, ಚಕ್ರವನ್ನು ಎಡದ ಕೊನೆಯಿಂದ ಬಲದ ಕೊನೆಗೆ ನಿಧಾನ ತಿರುಗಿಸಿ. ಆರೋಗ್ಯವಾಗಿದ್ದರೆ ಅಂಕಿ 2.3, 2.4 ಹೀಗೆ ಅಲ್ಲೇ ಆಡುತ್ತಿರುತ್ತದೆ. ಬಿರುಕಿದ್ದರೆ ಒಂದು ಕೋನದಲ್ಲಿ ಥಟ್ಟನೆ ಮೇಲಕ್ಕೆ ಜಿಗಿದು, ಚಕ್ರ ಇನ್ನೊಂದಿಷ್ಟು ಸರಿದ ಕೂಡಲೇ ಮತ್ತೆ ಕೆಳಗಿಳಿಯುತ್ತದೆ. ಎರಡು ಮೂರು ಸಲ ಅದೇ ಕೋನದಲ್ಲಿ ಜಿಗಿದರೆ ತೀರ್ಮಾನವಾಯಿತು.

ಲೈವ್ ಡೇಟಾ ಇಲ್ಲದಿದ್ದರೆ ಬದಲಿ ಲೋಡ್ ಪರೀಕ್ಷೆ. ಬ್ಯಾಟರಿ ಬಿಚ್ಚಿ, ಕಾದು, ಚಾಲಕನ ಏರ್‌ಬ್ಯಾಗ್ ತೆಗೆದು ದೂರ ಇಡಿ. ಅದರ ಕನೆಕ್ಟರಿಗೆ ತಯಾರಕರ ಪರೀಕ್ಷಾ ಸಾಧನ ಅಥವಾ ಕೈಪಿಡಿ ಹೇಳುವ ಬೆಲೆಯ ರೆಸಿಸ್ಟರ್ ಹಾಕಿ, ಬ್ಯಾಟರಿ ಜೋಡಿಸಿ ಕೋಡ್ ಓದಿ. ದೋಷ ಮಾಯವಾದರೆ ಕೆಟ್ಟಿರುವುದು ಏರ್‌ಬ್ಯಾಗ್. ಉಳಿದರೆ ಮತ್ತೆ ಬ್ಯಾಟರಿ ಬಿಚ್ಚಿ, ಕಾದು, ಅದೇ ಲೋಡನ್ನು ಕ್ಲಾಕ್ ಸ್ಪ್ರಿಂಗಿನ ಕೆಳಗಿನ ಕನೆಕ್ಟರಿಗೆ ಸರಿಸಿ. ಈಗ ದೋಷ ಹೋದರೆ ಕ್ಲಾಕ್ ಸ್ಪ್ರಿಂಗ್, ಹೋಗದಿದ್ದರೆ ಅಲ್ಲಿಂದ ಮಾಡ್ಯೂಲ್ ತನಕದ ವೈರಿಂಗ್. ಎರಡು ಹಂತದ, ಅಂದರೆ ಎರಡು ಸ್ಕ್ವಿಬ್ ಇರುವ ಏರ್‌ಬ್ಯಾಗಾದರೆ ಎರಡು ಕನೆಕ್ಟರ್ ಇರುತ್ತವೆ, ಎರಡಕ್ಕೂ ಲೋಡ್ ಬೇಕು. ಪರೀಕ್ಷೆ ಮುಗಿದ ಮೇಲೆ ರೆಸಿಸ್ಟರ್ ತೆಗೆದದ್ದನ್ನು ಎರಡು ಸಲ ನೋಡಿಕೊಳ್ಳಿ. ಮರೆತು ಬಿಟ್ಟರೆ ಅದು ಮೋಸಕ್ಕೂ ಮರೆವಿಗೂ ಒಂದೇ ಫಲ ಕೊಡುತ್ತದೆ: ದೀಪ ಆರಿರುತ್ತದೆ, ಚೀಲ ಬಿಚ್ಚುವುದಿಲ್ಲ.

ಹೊಸ ಕ್ಲಾಕ್ ಸ್ಪ್ರಿಂಗ್ ಹಾಕುವಾಗ ನಡೆಯುವ ಅನಾಹುತ ಒಂದೇ, ಅದು ಮಧ್ಯಬಿಂದು ತಪ್ಪುವುದು. ಮುಂದಿನ ಚಕ್ರಗಳು ನೇರವಿರಲಿ. ಹೊಸ ಭಾಗದ ಲಾಕ್ ಪಿನ್ ಅಥವಾ ಟೇಪನ್ನು ಕೂರಿಸುವ ತನಕ ತೆಗೆಯಬೇಡಿ. ಅಕಸ್ಮಾತ್ ತಿರುಗಿಬಿಟ್ಟರೆ, ಒಂದು ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ಬಿಗಿ ಸಿಕ್ಕಿದಲ್ಲಿ ನಿಲ್ಲಿಸಿ, ಹಿಂದಕ್ಕೆ ಅದರ ಮೇಲೆ ಬರೆದಷ್ಟು ಸುತ್ತು (ಹಲವು ಕಾರುಗಳಲ್ಲಿ ಸುಮಾರು ಎರಡೂವರೆ) ತಿರುಗಿಸಿ ಬಾಣದ ಗುರುತುಗಳನ್ನು ಸೇರಿಸಿ. ಮಧ್ಯ ತಪ್ಪಿ ಹಾಕಿದರೆ ಮೊದಲ ಸಲ ಕಾರನ್ನು ಪೂರ್ತಿ ತಿರುಗಿಸಿದಾಗಲೇ ರಿಬ್ಬನ್ ಪಟ್ಟೆಂದು ಹರಿಯುತ್ತದೆ. ಸ್ಟಿಯರಿಂಗ್ ರ್‍ಯಾಕ್ ಕೆಲಸಕ್ಕೆ ಕೆಳಗಿನ ಶಾಫ್ಟ್ ಬಿಚ್ಚಿದಾಗ ಚಕ್ರ ಸುಮ್ಮನೆ ಸುತ್ತಿಹೋದರೂ ಇದೇ ಗತಿ. ಆದ್ದರಿಂದ ಆ ಕೆಲಸದ ಮುಂಚೆ ಸ್ಟಿಯರಿಂಗ್ ಚಕ್ರವನ್ನು ಸೀಟ್ ಬೆಲ್ಟಿನಿಂದ ಕಟ್ಟಿಹಾಕಿ. ರ್‍ಯಾಕ್ ರಿಪೇರಿಯಾದ ವಾರಕ್ಕೆ ಏರ್‌ಬ್ಯಾಗ್ ದೀಪ ಬಂದಿದ್ದರೆ ಎಲ್ಲಿ ನೋಡಬೇಕು ಎಂದು ಈಗ ಗೊತ್ತಾಯಿತಲ್ಲ. ಸ್ಟಿಯರಿಂಗ್ ಕೋನದ ಸೆನ್ಸರ್ ಕೂಡ ಅದೇ ಡಬ್ಬಿಯಲ್ಲಿದ್ದರೆ ಬದಲಿಸಿದ ಮೇಲೆ ಅದನ್ನು ಕ್ಯಾಲಿಬ್ರೇಟ್ ಮಾಡಿಸಬೇಕು.

ಉಳಿದ ಕಾರಣಗಳು

ಬ್ಯಾಟರಿ ಬಲಹೀನವಾಗಿದ್ದು ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದರೆ, ಅಥವಾ ಜಂಪ್ ಸ್ಟಾರ್ಟ್ ಮಾಡಿದರೆ ಕಡಿಮೆ ವೋಲ್ಟೇಜ್ ಕೋಡ್ ಬರುತ್ತದೆ. ಬ್ಯಾಟರಿ ಸರಿಪಡಿಸಿ, ಕೋಡ್ ಅಳಿಸಿ ನೋಡದೆ ಬೇರೆ ಭಾಗ ಕೊಳ್ಳಬೇಡಿ.

ನೀರು ದೊಡ್ಡ ಶತ್ರು. ಮಾಡ್ಯೂಲ್ ಸಾಮಾನ್ಯವಾಗಿ ಗೇರ್ ಲಿವರ್ ಹತ್ತಿರ, ಕನ್ಸೋಲಿನ ಕೆಳಗೆ ನೆಲಕ್ಕೆ ಬೋಲ್ಟ್ ಮಾಡಿರುತ್ತದೆ. ಎ.ಸಿ. ನೀರಿನ ಕೊಳವೆ ಕಟ್ಟಿಕೊಂಡು ಕಾರ್ಪೆಟ್ ನೆನೆದಿದ್ದರೆ, ನೆರೆಯಲ್ಲಿ ನಿಂತ ಕಾರಾಗಿದ್ದರೆ ಅದರ ಪಿನ್ನುಗಳಿಗೆ ಕಿಲುಬು ಬರುತ್ತದೆ. ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜು ಒತ್ತಿ ನೋಡಿ. ಮೇಲೆ ಒಣಗಿದ್ದರೂ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿರುತ್ತದೆ. ನೀರಲ್ಲಿ ಮುಳುಗಿದ ಮಾಡ್ಯೂಲನ್ನು ಒಣಗಿಸಿ ಮತ್ತೆ ಬಳಸುವುದು ಸಲ್ಲದು. ಮಾಡ್ಯೂಲಿನ ಮೇಲಿನ ಬಾಣ ಕಾರಿನ ಮುಂದಕ್ಕೆ ಇರಬೇಕು, ಬೋಲ್ಟ್‌ಗಳು ಕೈಪಿಡಿ ಹೇಳಿದಷ್ಟು ಬಿಗಿಯಿರಬೇಕು. ಒಳಗೆ ಡಿಕ್ಕಿಯ ಸೆನ್ಸರ್ ಇರುವುದರಿಂದ ಬ್ಯಾಟರಿ ಜೋಡಿಸಿದ್ದಾಗ ಅದನ್ನು ಬಿಚ್ಚುವುದು, ಕುಟ್ಟುವುದು ಮಾಡಬೇಡಿ.

ಮುಂದಿನ ಡಿಕ್ಕಿ ಸೆನ್ಸರ್‌ಗಳು ರೇಡಿಯೇಟರ್ ಚೌಕಟ್ಟಿನ ಬಳಿ ಮಳೆ ಕೆಸರಿಗೆ ಒಡ್ಡಿಕೊಂಡಿರುತ್ತವೆ. ಬಂಪರ್ ಕೆಲಸದ ನಂತರ ದೋಷ ಬಂದರೆ ಮೊದಲು ಅಲ್ಲಿ ನೋಡಿ.

ಪಕ್ಕದ ಸೀಟಿನ ತೂಕದ ಸೆನ್ಸರಿರುವ ಕಾರುಗಳಲ್ಲಿ "ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್" ಎಂಬ ಪ್ರತ್ಯೇಕ ದೀಪ ಇರುತ್ತದೆ. ಸೀಟು ಖಾಲಿ ಇದ್ದಾಗ ಅದು ಆಫ್ ತೋರಿಸುವುದು ದೋಷವಲ್ಲ. ವಯಸ್ಕರು ನೆಟ್ಟಗೆ ಕೂತಾಗಲೂ ಆಫ್ ಎಂದೇ ಇದ್ದರೆ ಅದು ದೋಷ. ದಪ್ಪ ಸೀಟ್ ಕವರ್, ಹೊಸ ಸ್ಪಂಜು, ಸೀಟು ಬಿಚ್ಚಿ ಹಾಕಿದ್ದು ಇದಕ್ಕೆ ಕಾರಣ. ಕವರ್ ತೆಗೆದು ಸ್ಕ್ಯಾನರಿನಿಂದ ಶೂನ್ಯ ಹೊಂದಿಕೆ ಮಾಡಿಸಬೇಕು. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಚೀಟಿ ಇದ್ದರೆ, ಆ ಹೊಲಿಗೆ ಮುಚ್ಚುವ ಯಾವ ಕವರೂ ಬೇಡ. ಮುಂದಿನ ಚೀಲ ಚಾಲೂ ಇರುವ ಸೀಟಿನಲ್ಲಿ ಹಿಮ್ಮುಖ ಮಗುವಿನ ಆಸನ ಇಡಲೇಬಾರದು.

ಇಗ್ನಿಷನ್ ಸ್ವಿಚ್ ಸವೆದು ಕೀಲಿ ತಾನಾಗಿ ಹಿಂದಕ್ಕೆ ಜಾರಿದರೆ ಎಂಜಿನ್ ಜೊತೆಗೆ ಏರ್‌ಬ್ಯಾಗೂ ಸಾಯುತ್ತದೆ. ಇದೇ ದೋಷಕ್ಕಾಗಿ 2014ರಲ್ಲಿ ಜನರಲ್ ಮೋಟರ್ಸ್ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತು. ಭಾರದ ಕೀಲಿಗೊಂಚಲು ನೇತುಹಾಕಬೇಡಿ. ಓಡುವಾಗ ಎಂಜಿನ್ ತಾನಾಗಿ ನಿಂತ ಇತಿಹಾಸವಿದ್ದರೆ ಸ್ವಿಚ್ ಪರೀಕ್ಷಿಸಿ.

ದೀಪ ಆರಿದೆ, ಚೀಲವೇ ಇಲ್ಲ

ಅಪಘಾತದಲ್ಲಿ ಬಿಚ್ಚಿಕೊಂಡ ಏರ್‌ಬ್ಯಾಗುಗಳನ್ನು ಹೊಸದಾಗಿ ಹಾಕಲು ಖರ್ಚು ಹೆಚ್ಚು. ಅದಕ್ಕಾಗಿ ಮುಚ್ಚಳ ಮಾತ್ರ ಬದಲಿಸಿ, ಒಳಗೆ ಖಾಲಿ ಬಿಟ್ಟು, ಕನೆಕ್ಟರಿಗೆ ರೆಸಿಸ್ಟರ್ ಸಿಕ್ಕಿಸಿ ಮಾರುವ ಕಾರುಗಳಿವೆ. ನಕಲಿ ಏರ್‌ಬ್ಯಾಗುಗಳ ಬಗ್ಗೆ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2012ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಇದನ್ನು ಹಿಡಿಯಲು ಕಣ್ಣು ಮತ್ತು ಬೆರಳು ಸಾಕು.

ಸ್ಟಿಯರಿಂಗ್ ಮಧ್ಯದ ಮುಚ್ಚಳದ ಬಣ್ಣ, ಚರ್ಮದಂಥ ಗೀರುಗಳು ಚಕ್ರದ ಉಳಿದ ಭಾಗಕ್ಕೆ ಹೊಂದುತ್ತವೆಯೇ? ಹತ್ತು ವರ್ಷ ಬಿಸಿಲು ತಿಂದ ಡ್ಯಾಶ್‌ಬೋರ್ಡಿನಲ್ಲಿ ಪಕ್ಕದ ಚೀಲದ ಮುಚ್ಚಳ ಮಾತ್ರ ಹೊಳೆಯುತ್ತಿದ್ದರೆ ಕಾರಣ ಕೇಳಿ. ಬೆರಳಾಡಿಸಿ: ಅಂಟು ಹಚ್ಚಿದ ಅಂಚು, ಪುಟ್ಟಿ ತುಂಬಿದ ಉಬ್ಬು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ. ಬಾಗಿಲ ಕಂಬದ, ಚಾವಣಿಯ ಅಂಚಿನ ಕ್ಲಿಪ್‌ಗಳಲ್ಲಿ ಸ್ಕ್ರೂಡ್ರೈವರ್ ಗಾಯಗಳಿವೆಯೇ ನೋಡಿ.

ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆಯಿರಿ. ಕೆಳತುದಿಯ ಚೀಟಿಯಲ್ಲಿ ತಯಾರಾದ ದಿನಾಂಕ ಇರುತ್ತದೆ. ಕಾರಿಗಿಂತ ಬೆಲ್ಟ್ ಕಿರಿಯದಾಗಿದ್ದರೆ ಅದನ್ನು ಬದಲಿಸಲಾಗಿದೆ. ಎಳೆದಾಗ ಬೆಲ್ಟ್ ಬರದೆ ಬಿಗಿಯಾಗಿ ನಿಂತರೆ, ಅಥವಾ ಒಂದು ಬದಿಯ ಬಕಲ್ ಇನ್ನೊಂದು ಬದಿಯದಕ್ಕಿಂತ ತಗ್ಗಿನಲ್ಲಿ ಕುಗ್ಗಿ ಕೂತಿದ್ದರೆ ಪ್ರಿಟೆನ್ಷನರ್ ಸಿಡಿದಿರುವ ಲಕ್ಷಣ. ಪ್ರಿಟೆನ್ಷನರ್ ಸಿಡಿದು ಏರ್‌ಬ್ಯಾಗ್ ಮಾತ್ರ ಹೊಸದರಂತಿದ್ದರೆ ಆ ಕಾರು ಕೊಳ್ಳುವ ಮುಂಚೆ ಮುಚ್ಚಳ ಬಿಚ್ಚಿ ನೋಡಿಸಿ. ಒಳಗಿರುವ ಏರ್‌ಬ್ಯಾಗ್ ಮೇಲೆ ಭಾಗದ ಸಂಖ್ಯೆ, ಬಾರ್‌ಕೋಡ್ ಚೀಟಿ ಇರಬೇಕು.

ಮದ್ದು ಕೆಟ್ಟ ಇನ್‌ಫ್ಲೇಟರ್

ವೈರಿಂಗ್ ಸರಿ, ಚೀಲ ಅಸಲಿ, ದೀಪ ಆರಿದೆ. ಆದರೂ ಅಪಾಯ ಉಳಿದಿರಬಹುದು. ಏರ್‌ಬ್ಯಾಗ್ ತಯಾರಿಸುತ್ತಿದ್ದ ಜಪಾನಿನ ತಕಾಟಾ ಕಂಪನಿಯ ಇನ್‌ಫ್ಲೇಟರುಗಳಲ್ಲಿ ಮದ್ದಾಗಿ ಅಮೋನಿಯಂ ನೈಟ್ರೇಟ್ ಬಳಸಿದ್ದರು. ತೇವ ಹೀರುವ ಪುಡಿ ಇಲ್ಲದ ಇನ್‌ಫ್ಲೇಟರುಗಳಲ್ಲಿ ವರ್ಷಗಳ ಸೆಕೆ, ಹಗಲು ರಾತ್ರಿಯ ತಾಪದ ಏರಿಳಿತ, ತೇವ ಸೇರಿ ಮದ್ದು ಬಿರಿದು ಸಡಿಲವಾಗುತ್ತದೆ. ಅಂಥ ಮದ್ದು ಹೊತ್ತಿದರೆ ಮಿತಿಮೀರಿ ವೇಗವಾಗಿ ಉರಿದು, ಉಕ್ಕಿನ ಡಬ್ಬಿಯೇ ಒಡೆದು ಚೂರುಗಳು ಎದುರಿದ್ದವರ ಮೇಲೆ ಹಾರುತ್ತವೆ. ಇದಕ್ಕಾಗಿ ಹೋಂಡಾ ಮೊದಲ ರೀಕಾಲ್, ಅಂದರೆ ಕಾರುಗಳನ್ನು ಹಿಂದಕ್ಕೆ ಕರೆಸುವ ಕೆಲಸ, ಮಾಡಿದ್ದು 2008ರಲ್ಲಿ. ಆಮೇಲೆ ಇದು ಹತ್ತಾರು ತಯಾರಕರಿಗೆ ಹಬ್ಬಿತು, ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರುಗಳ ತನಕ ಮುಟ್ಟಿತು. ತಕಾಟಾ 2017ರಲ್ಲಿ ದಿವಾಳಿ ಅರ್ಜಿ ಹಾಕಿತು. 2001ರಿಂದ 2003ರ ಕೆಲವು ಹೋಂಡಾ ಮತ್ತು ಅಕ್ಯೂರಾ ಕಾರುಗಳ ಇನ್‌ಫ್ಲೇಟರ್ ಒಡೆಯುವ ಸಾಧ್ಯತೆ ಶೇಕಡಾ 50ರಷ್ಟು ಇರಬಹುದು ಎಂದು ಅಲ್ಲಿನ ಪರೀಕ್ಷೆಗಳು ತೋರಿಸಿದವು. ಬಿಸಿ ಮತ್ತು ತೇವ ಎರಡೂ ಹೆಚ್ಚಿರುವ ಜಾಗದ ಹಳೆಯ ಕಾರುಗಳಿಗೇ ಅಪಾಯ ಹೆಚ್ಚು.

ಇದನ್ನು ಸ್ಕ್ಯಾನರ್ ಹೇಳುವುದಿಲ್ಲ. ವಿಂಡ್‌ಶೀಲ್ಡಿನ ಕೆಳಮೂಲೆಯಲ್ಲಿ ಅಥವಾ ಬಾಗಿಲ ಕಂಬದಲ್ಲಿರುವ 17 ಅಕ್ಷರ ಅಂಕಿಗಳ ವಿನ್ ಸಂಖ್ಯೆ (ಕಾರಿನ ಗುರುತಿನ ಸಂಖ್ಯೆ) ಬರೆದುಕೊಂಡು ತಯಾರಕರ ರೀಕಾಲ್ ಪುಟದಲ್ಲಿ ಹಾಕಿ, ಅಥವಾ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೇಳಿ. ರೀಕಾಲ್ ಕೆಲಸಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಕೈ ಬದಲಾದ ಕಾರಿನ ರೀಕಾಲ್ ಪತ್ರ ಹಳೆಯ ಮಾಲೀಕರ ವಿಳಾಸಕ್ಕೆ ಹೋಗಿರುತ್ತದೆ, ಪತ್ರ ಬಂದಿಲ್ಲ ಎಂದು ನೆಮ್ಮದಿಯಾಗಬೇಡಿ. "ರೀಕಾಲ್ ಮುಗಿದಿದೆ" ಎಂಬ ಹಳೆಯ ರಸೀದಿಯೂ ಸಾಲದು: ಶುರುವಿನ ವರ್ಷಗಳಲ್ಲಿ ಬದಲಿಯಾಗಿ ಹಾಕಿದ ಕೆಲವು ಇನ್‌ಫ್ಲೇಟರುಗಳೂ ಅದೇ ಬಗೆಯವಾಗಿದ್ದು, ಅವನ್ನು ಮತ್ತೆ ಬದಲಿಸಬೇಕಾಯಿತು. ಗುಜರಿಯಿಂದ ತಂದ ಏರ್‌ಬ್ಯಾಗ್ ಹಾಕಿದ್ದರೆ ನಿಮ್ಮ ಕಾರಿನ ವಿನ್ ನೋಡಿ ಪ್ರಯೋಜನವಿಲ್ಲ. ಆ ಏರ್‌ಬ್ಯಾಗಿನ ಭಾಗದ ಸಂಖ್ಯೆಯನ್ನೇ ಪರಿಶೀಲಿಸಬೇಕು. ಗುಜರಿ ಏರ್‌ಬ್ಯಾಗ್ ಬೇಡ ಎನ್ನುವುದು ನಮ್ಮ ಸ್ಪಷ್ಟ ಮಾತು.

ರಿಪೇರಿ ಮುಗಿದ ಮೇಲೆ

ಎಲ್ಲ ಕನೆಕ್ಟರ್ ಕೂರಿಸಿ, ಬ್ಯಾಟರಿಯನ್ನು ಕೊನೆಗೆ ಜೋಡಿಸಿ. ಆಗ ಕಾರಿನೊಳಗೆ ಯಾರೂ ಇರಬಾರದು. ಮೊದಲ ಸಲ ಇಗ್ನಿಷನ್ ಆನ್ ಮಾಡುವಾಗ ಸೀಟಿನಲ್ಲಿ ಕೂರದೆ, ಬಾಗಿಲ ಬದಿಯಿಂದ ಕೈ ಚಾಚಿ, ತಲೆ ಮತ್ತು ಎದೆ ಚೀಲದ ದಾರಿಯಿಂದ ಹೊರಗಿಟ್ಟು ಕೀಲಿ ತಿರುಗಿಸಿ. ಕೋಡ್ ಅಳಿಸಿ. ದೀಪ ಬಂದು ಆರಿದ ಮೇಲೆ ಚಕ್ರವನ್ನು ಎರಡೂ ಕೊನೆಗೆ ತಿರುಗಿಸಿ, ಎರಡೂ ಸೀಟು ಪೂರ್ತಿ ಸರಿಸಿ, ಬೆಲ್ಟ್ ಹಾಕಿ ತೆಗೆದು ನೋಡಿ. ಅರ್ಧ ಗಂಟೆ ಒರಟು ರಸ್ತೆಯಲ್ಲಿ ಓಡಿಸಿ ಬಂದು ಸ್ಕ್ಯಾನರ್ ಮತ್ತೊಮ್ಮೆ ಹಾಕಿ: ಈಗಿನ ಕೋಡೂ ಇರಬಾರದು, ನೆನಪಿನಲ್ಲಿ ಕೂತ ಹೊಸ ಕೋಡೂ ಇರಬಾರದು.